ಗಾಳಿಗೆ ಒತ್ತಿದರೂ ಹಾಜರಿ

ಪ್ರಶ್ನೆ: ನನ್ನ ಮಾವನವರಿಗೆ 67 ವರ್ಷ, ಬಹುಕಾಲದ ಉಬ್ಬಸ. ಒತ್ತುವ ಪಂಪನ್ನು ದಿನಕ್ಕೆರಡು ಬಾರಿ ತಪ್ಪದೆ ತೆಗೆದುಕೊಳ್ಳುತ್ತಾರೆ. ಆದರೂ ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಎದ್ದು ಕುಳಿತುಕೊಳ್ಳುತ್ತಾರೆ. ಸರಿಯಾಗಿ ಎಳೆದರೋ ಇಲ್ಲವೋ ಎಂದು ಮೊಬೈಲಿಗೆ ತಿಳಿಸುವ ಡಿಜಿಟಲ್ ಇನ್‌ಹೇಲರ್ ಕಳುಹಿಸುತ್ತೇನೆ ಎಂದು ದುಬೈಯಲ್ಲಿರುವ ಮೈದುನ ಹೇಳುತ್ತಿದ್ದಾರೆ. ತರಿಸಬಹುದೇ?
– ಓದುಗರು, ಪೆರ್ಲ

ಉತ್ತರ: ಈಗಲೇ ಬೇಡ. ಈ ಸಾಧನಗಳಲ್ಲಿ ಎರಡು ಜಾತಿ. ಪಂಪಿನ ತಲೆಗೆ ಟೊಪ್ಪಿಯಂತೆ ಸಿಕ್ಕಿಸುವ ಸೆನ್ಸರ್‌ಗಳಲ್ಲಿ ಹಲವು, ಒತ್ತಿದ ಹೊತ್ತನ್ನಷ್ಟೇ ಬರೆದಿಡುತ್ತವೆ. ಗಾಳಿಗೆ ಒತ್ತಿದರೂ ಹಾಜರಿ ಬೀಳುತ್ತದೆ. ಮದ್ದು ಮರೆಯುವವರಿಗೆ ಅದು ಒಳ್ಳೆಯದು. ನಿಮ್ಮ ಮಾವನವರು ಮರೆಯುವವರಲ್ಲವಲ್ಲ. ಇನ್ನೊಂದು ಜಾತಿ ಉಸಿರೆಳೆಯುವ ವೇಗವನ್ನೇ ಅಳೆಯುತ್ತದೆ. ತೇವಾ ಕಂಪನಿಯ ಡಿಜಿಹೇಲರ್ ಅಂಥದ್ದು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2024ರಲ್ಲಿ ಮಾರಾಟವೇ ನಿಂತಿತು. ಅದು ಪುಡಿ ಮದ್ದಿನದು. ಪುಡಿಯನ್ನು ಒಮ್ಮೆಲೇ ಜೋರಾಗಿ ಎಳೆಯಬೇಕು, ಒತ್ತುವ ಪಂಪನ್ನು ನಿಧಾನವಾಗಿ. ಸಾಧನ ಬದಲಾದರೆ ಮದ್ದು, ಅಳತೆ, ಅಭ್ಯಾಸ ಎಲ್ಲವೂ ಬದಲಾದಂತೆ.

ಹೋದ ಮಳೆಗಾಲದಲ್ಲಿ ಕೃಷಿಕರೊಬ್ಬರು ಕೇರಳದ ಗಡಿಯೊಳಗಿನ ಬದಿಯಡ್ಕದ ನನ್ನ ಕ್ಲಿನಿಕ್ಕಿನಲ್ಲಿ ಪಂಪು ಒತ್ತಿ ತೋರಿಸಿದರು. ತುಟಿಯ ಎಡಮೂಲೆಯಿಂದ ಬಿಳಿ ಹೊಗೆ ಎದ್ದು ಕನ್ನಡಕದವರೆಗೆ ಹತ್ತಿತು. ಕಲಿಸಿದವರು ಮಲಯಾಳದಲ್ಲಿ ಹೇಳಿದ್ದರಂತೆ, ಇವರು ತಲೆಯಾಡಿಸಿ ಬಂದಿದ್ದರಂತೆ. 11 ವರ್ಷ ಮದ್ದು ಕುಡಿದದ್ದು ಆ ಕನ್ನಡಕ!

ಆದ್ದರಿಂದ ಮೊದಲು ನೋಡಿ. ಸೊಸೆ ತಿದ್ದಿದರೆ ಒಪ್ಪುವ ಮಾವಂದಿರು ನಮ್ಮ ಕಡೆ ಕಡಿಮೆ. ಮೊಮ್ಮಕ್ಕಳಿದ್ದರೆ ಅವರ ಕೈಗೆ ಮೊಬೈಲ್ ಕೊಟ್ಟು ವಿಡಿಯೊ ತೆಗೆಸಿ. ಪಂಪನ್ನು ಕುಲುಕಿದರೇ? ಒತ್ತುವ ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಟ್ಟರೇ? ಇದನ್ನೇ ಹೆಚ್ಚಿನವರು ಮರೆಯುವುದು. ತುಟಿ ಬಿಗಿಯಾಗಿತ್ತೇ? ಎಳೆಯಲು ತೊಡಗುವುದೂ ಒತ್ತುವುದೂ ಒಟ್ಟಿಗೇ ಆಗಬೇಕು. ಮೂರರಿಂದ ಐದು ಸೆಕೆಂಡು ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಬಾಯಿಯಿಂದಾಗಲಿ ಮೂಗಿನಿಂದಾಗಲಿ ಹೊಗೆ ಕಂಡರೆ ಮದ್ದು ಅಷ್ಟು ನಷ್ಟವಾಯಿತೆಂದೇ ಅರ್ಥ. ಈ ವಯಸ್ಸಿನಲ್ಲಿ ಕೈಗೂ ಉಸಿರಿಗೂ ತಾಳ ಕೂಡುವುದು ಕಷ್ಟ. ಅದಕ್ಕೆ, ಪಂಪಿನ ಬಾಯಿಗೆ ಸಿಕ್ಕಿಸಿ ಮದ್ದಿನ ಹೊಗೆಯನ್ನು ಹಿಡಿದಿಡುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಗೂಡು ಮದ್ದಿನಂಗಡಿಯಲ್ಲಿ ಸಿಗುತ್ತದೆ. ದುಬೈಯ ಸಾಧನಕ್ಕಿಂತ ಮೊದಲು ನಾನು ಬರೆದುಕೊಡುವುದು ಅದನ್ನೇ. ಪಂಪಿನಲ್ಲಿ ಸ್ಟೀರಾಯ್ಡ್ ಇದ್ದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯಲಿ.

ಅಡಿಕೆ ಸಿಪ್ಪೆಯ ಧೂಳನ್ನು ಯಾವ ಆ್ಯಪೂ ತಡೆಯುವುದಿಲ್ಲ. ಸುಲಿಯುವ ಜಾಗದಿಂದ ಅವರ ಕುರ್ಚಿಯನ್ನು ಆಚೆ ಹಾಕಿ.

ಇಷ್ಟಾದರೂ ರಾತ್ರಿ ಏಳುತ್ತಿದ್ದರೆ, ಅಥವಾ ತಕ್ಷಣ ದಮ್ಮು ಇಳಿಸುವ ಪಂಪು ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ, ವೈದ್ಯರು ಮದ್ದನ್ನೇ ಮತ್ತೊಮ್ಮೆ ನೋಡಬೇಕಾಗುತ್ತದೆ. ಮಾತು ಪೂರ್ತಿ ಆಡಲಾಗದಷ್ಟು ದಮ್ಮು ಹತ್ತಿದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ವೈದ್ಯರಲ್ಲಿಗೆ ಹೋಗುವಾಗ ಚೀಟಿಯನ್ನು ಮಾತ್ರವಲ್ಲ, ಪಂಪುಗಳನ್ನೂ ವಿಡಿಯೊವನ್ನೂ ಒಯ್ಯಿರಿ.