ಉದ್ಯೋಗ ಸಮಾಲೋಚನೆ: ರೈಡ್ ಆಪರೇಟರ್ ಕೆಲಸಕ್ಕೆ ಸೇರುವವರ ಪ್ರಶ್ನೆಗಳು

ಪ್ರಶ್ನೆ: ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದ್ದೇನೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿರುವ ಅಮ್ಯೂಸ್‌ಮೆಂಟ್ ಪಾರ್ಕ್ ಒಂದರಲ್ಲಿ ರೈಡ್ ಆಪರೇಟರ್ ಕೆಲಸ ಸಿಕ್ಕಿದ್ದು, ಮುಂದಿನ ತಿಂಗಳು ಸೇರಬೇಕಾಗಿದೆ. ‘ಗುಂಡಿ ಒತ್ತುವುದಕ್ಕೆ ಐಟಿಐ ಏಕೆ ಬೇಕಿತ್ತು’ ಎಂದು ಮನೆಯವರು ಕೇಳುತ್ತಿದ್ದಾರೆ. ನನ್ನ ಆತಂಕ ಬೇರೆಯೇ ಇದೆ. ನನ್ನ ಕೈಯಿಂದ ತಪ್ಪು ನಡೆದು ಯಾರಿಗಾದರೂ ಪೆಟ್ಟಾದರೆ ಏನು ಗತಿ? ಆರಂಭದ ದಿನಗಳಲ್ಲಿ ಯಾವುದನ್ನು ಮುಖ್ಯವಾಗಿ ಕಲಿಯಬೇಕು?
– ಓದುಗ, ಚನ್ನಪಟ್ಟಣ

ಉತ್ತರ: ಮೊದಲು ರೈಡನ್ನು ನಿಲ್ಲಿಸುವುದನ್ನು ಕಲಿಯಿರಿ. ನಡೆಸುವುದನ್ನು ಯಾರಾದರೂ ಬೇಗನೆ ಹೇಳಿಕೊಡುತ್ತಾರೆ, ಏಕೆಂದರೆ ಇಂದಿನ ದೊಡ್ಡ ರೈಡ್‌ಗಳಲ್ಲಿ ವೇಗವನ್ನೂ ಸುತ್ತಿನ ಅವಧಿಯನ್ನೂ ಬಹುಮಟ್ಟಿಗೆ ಪಿಎಲ್‌ಸಿಯೇ (ಯಂತ್ರವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ನೋಡಿಕೊಳ್ಳುತ್ತದೆ. ಎಲೆಕ್ಟ್ರಿಷಿಯನ್ ಓದಿದ ನಿಮಗೆ ಅದು ಅಪರಿಚಿತವೇನಲ್ಲ. ಆದರೆ ಬೇಲಿ ದಾಟಿ ಒಳಗೆ ಬಂದ ಮಗುವನ್ನಾಗಲಿ, ಸುತ್ತುತ್ತಿರುವ ಸೀಟಿನಿಂದ ಇಳಿಬಿದ್ದ ಸೆರಗನ್ನಾಗಲಿ ಪಿಎಲ್‌ಸಿ ಕಾಣುವುದಿಲ್ಲ. ಅದನ್ನು ಕಂಡು, ಕ್ಷಣದಲ್ಲಿ ತೀರ್ಮಾನಿಸಿ, ಕೈ ಚಾಚಬೇಕಾದವರು ನೀವು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಡ್ರೀಮ್‌ವರ್ಲ್ಡ್ ಪಾರ್ಕಿನಲ್ಲಿ 2016ರ ಅಕ್ಟೋಬರ್ 25ರಂದು ನೀರಿನ ರೈಡ್ ಒಂದರ ಪಂಪ್ ಕೆಟ್ಟು ನಿಂತಿತು. ನೀರಿನ ಮಟ್ಟ ಇಳಿದದ್ದರಿಂದ ಒಂದು ತೆಪ್ಪ ಕೆಳಗಿನ ಕಂಬಿಗಳ ಮೇಲೆ ಸಿಕ್ಕಿಕೊಂಡಿತು. ಕನ್ವೇಯರ್ ಮಾತ್ರ ಓಡುತ್ತಲೇ ಇದ್ದು, ಜನರಿದ್ದ ಇನ್ನೊಂದು ತೆಪ್ಪವನ್ನು ತಂದು ಅದಕ್ಕೆ ಅಪ್ಪಳಿಸಿತು. ನಾಲ್ವರು ಮೃತಪಟ್ಟರು. ಅದೇ ಪಂಪ್ ಆ ದಿನವೇ ಮೊದಲೂ ಕೈಕೊಟ್ಟಿತ್ತು. ಜನರನ್ನು ಇಳಿಸುವ ಕಡೆ ನಿಂತಿದ್ದ ಸಿಬ್ಬಂದಿಗೆ ಆ ರೈಡ್‌ನಲ್ಲಿ ಅದು ಮೊದಲ ದಿನ. ಅಂದು ಬೆಳಿಗ್ಗೆಯಷ್ಟೇ ತರಬೇತಿ ಮುಗಿದಿತ್ತು. ಆಕೆಯ ಸಮೀಪದಲ್ಲೇ ಇದ್ದ ತುರ್ತು ಗುಂಡಿಯನ್ನು ಒತ್ತಿದ್ದರೆ ಕನ್ವೇಯರ್ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತಿತ್ತು, ಆದರೆ ಆ ಗುಂಡಿಯ ಉಪಯೋಗವನ್ನು ಆಕೆಗೆ ಸರಿಯಾಗಿ ತಿಳಿಸಿಕೊಟ್ಟಿರಲಿಲ್ಲ. ವಿಚಾರಣೆಯಲ್ಲಿ ಹೊಣೆ ಬಿದ್ದದ್ದು ಆಡಳಿತದ ಮೇಲೆ. 2020ರಲ್ಲಿ ನ್ಯಾಯಾಲಯ ಕಂಪನಿಗೆ 36 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಆದ್ದರಿಂದ ತರಬೇತಿ ಕೊಡುವವರು ಕೇಳಲಿ, ಬಿಡಲಿ, ನೀವಾಗಿಯೇ ಪ್ರತಿಯೊಂದು ಕೆಂಪು ಗುಂಡಿಯ ಬಳಿ ನಿಂತು, ಇದು ಯಾವ ಮೋಟಾರನ್ನು ಕಡಿಯುತ್ತದೆ, ಒತ್ತಿದ ಮೇಲೆ ರೈಡ್ ಪೂರ್ತಿ ನಿಲ್ಲಲು ಎಷ್ಟು ಹೊತ್ತು ಬೇಕು, ಆಗ ಮೇಲಿರುವವರು ಎಲ್ಲಿ ನಿಂತಿರುತ್ತಾರೆ, ಮತ್ತೆ ಚಾಲೂ ಮಾಡುವ ಅಧಿಕಾರ ಯಾರದು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಉತ್ತರಗಳು ರೈಡ್‌ನಿಂದ ರೈಡ್‌ಗೆ ಬದಲಾಗುತ್ತವೆ. ಕೊಲಂಬಸ್ ಎಂದು ನಮ್ಮಲ್ಲಿ ಕರೆಯುವ ತೂಗುದೋಣಿಗೆ ವಿದ್ಯುತ್ ಕಡಿದರೂ ಅದು ತನ್ನ ಭಾರಕ್ಕೆ ಕೆಲಹೊತ್ತು ತೂಗುತ್ತಲೇ ಇರಬಹುದು. ರೋಲರ್ ಕೋಸ್ಟರ್‌ನ ರೈಲು ಏರು ದಾಟಿದ ಮೇಲೆ ಇಳಿಜಾರಿನ ನಡುವೆ ನಿಲ್ಲುವುದಿಲ್ಲ. ಮುಂದಿನ ಬ್ರೇಕ್ ಇರುವ ಜಾಗದವರೆಗೂ ಅದು ಹೋಗಲೇಬೇಕು. ಜೈಂಟ್ ವೀಲ್ ನಿಲ್ಲುತ್ತದೆ, ಆದರೆ ಜನ ತುದಿಯಲ್ಲೇ ಉಳಿಯುತ್ತಾರೆ. ಹೀಗಾಗಿ ಮಾಮೂಲು ನಿಲುಗಡೆಗೂ ತುರ್ತು ನಿಲುಗಡೆಗೂ ಇರುವ ವ್ಯತ್ಯಾಸ ನಿಮಗೆ ಸ್ಪಷ್ಟವಾಗಿರಬೇಕು. ಹೆದರಿ ಅಳುವ ಹುಡುಗನಿಗಾಗಿ ಸುತ್ತನ್ನು ಮಾಮೂಲಿನಂತೆ ಬೇಗ ಮುಗಿಸಿ ಕೆಳಗಿಳಿಸುವುದು ಸರಿ. ಓಡುವ ರೈಡ್‌ನ ಹಾದಿಗೆ ಯಾರಾದರೂ ಬಂದರೆ, ಅಥವಾ ಲಾಕ್ ಬಿಚ್ಚಿಕೊಂಡಂತೆ ಕಂಡರೆ, ಯಾವುದನ್ನು ಒತ್ತಬೇಕೆಂದು ಯೋಚಿಸುವ ಹೊತ್ತೇ ಇರುವುದಿಲ್ಲ. ಅನುಮಾನಕ್ಕೆ ನಿಲ್ಲಿಸಿದ ಆಪರೇಟರನ್ನು ಗದರಿಸುವ ಮೇಲ್ವಿಚಾರಕರೂ ಇದ್ದಾರೆ. ಅಂಥವರ ಕೈಕೆಳಗೆ ಬಿದ್ದರೆ, ನಿಲ್ಲಿಸಿದ ಹೊತ್ತು ಮತ್ತು ಕಾರಣವನ್ನು ಲಾಗ್ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ನಿಮ್ಮನ್ನು ಕಾಯುತ್ತದೆ.

ಎರಡನೆಯದು ಲಾಕ್ ಪರೀಕ್ಷೆ. ತೊಡೆಯ ಮೇಲೆ ಬರುವ ಕಂಬಿಯಾಗಲಿ, ಭುಜದ ಮೇಲಿಂದ ಇಳಿಯುವ ಪಟ್ಟಿಯಾಗಲಿ, ಕಣ್ಣಲ್ಲಿ ನೋಡಿದರೆ ಸಾಲದು. ಪ್ರತಿ ಸೀಟಿನಲ್ಲೂ ಕೈಯಿಂದ ಒಮ್ಮೆ ಕೆಳಕ್ಕೆ ಒತ್ತಿ, ಒಮ್ಮೆ ಮೇಲಕ್ಕೆ ಎಳೆದು ನೋಡಬೇಕು. ಮೊದಲ ವಾರ ಎಲ್ಲರೂ ಇದನ್ನು ಶ್ರದ್ಧೆಯಿಂದ ಮಾಡುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ, ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುವ ಡಿಸೆಂಬರ್‌ನಲ್ಲಿ, ಮಧ್ಯಾಹ್ನದ ಊಟವಾದ ಬಳಿಕ, ಅದೇ ಕೆಲಸವನ್ನು ನೂರಾರು ಬಾರಿ ಮಾಡಿದ ಕೈಗೆ ಲಾಕನ್ನು ಮುಟ್ಟಿಯೂ ಮುಟ್ಟದಂತಾಗುವಾಗ. ಅದಕ್ಕಾಗಿಯೇ ಒಳ್ಳೆಯ ಪಾರ್ಕುಗಳಲ್ಲಿ ಪ್ಯಾನೆಲ್, ಪ್ಲಾಟ್‌ಫಾರ್ಮ್, ಕ್ಯೂ ಎಂದು ದಿನದಲ್ಲೇ ಜಾಗ ಬದಲಿಸುತ್ತಾರೆ. ನಿಮ್ಮಲ್ಲಿ ಆ ಪದ್ಧತಿ ಇಲ್ಲದಿದ್ದರೆ ಕೇಳಿ ಪಡೆಯುವುದರಲ್ಲಿ ತಪ್ಪಿಲ್ಲ.

ಮೂರನೆಯದಾಗಿ, ಯಂತ್ರ ತಾನಾಗಿ ನಿಂತಾಗ ಅದರ ಮಾತನ್ನು ನಂಬಬೇಕು. ರೋಲರ್ ಕೋಸ್ಟರ್ ಹಳಿಯನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಒಂದು ಬ್ಲಾಕಿನಲ್ಲಿ ಒಂದು ರೈಲು ಇರುವಾಗ ಹಿಂದಿನದನ್ನು ಬಿಡದಂತೆ ವ್ಯವಸ್ಥೆ ಮಾಡಿರುತ್ತಾರೆ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ 2015ರ ಜೂನ್ 2ರಂದು ಈ ವ್ಯವಸ್ಥೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿ, ಜನ ತುಂಬಿದ್ದ ರೈಲನ್ನು ತಡೆದಿತ್ತು. ಮುಂದೆ ಹಳಿಯ ಮೇಲೆ ಖಾಲಿ ರೈಲೊಂದು ನಿಂತುಬಿಟ್ಟಿದೆಯೆಂದು ಅರಿಯದ ಸಿಬ್ಬಂದಿ, ಕಂಪ್ಯೂಟರಿನದೇ ದೋಷವೆಂದು ಭಾವಿಸಿ, ತಡೆಯನ್ನು ಮೀರಿ ರೈಲನ್ನು ಮುಂದಕ್ಕೆ ಬಿಟ್ಟರು. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಪಾರ್ಕ್ ನಡೆಸುವ ಕಂಪನಿಗೆ 50 ಲಕ್ಷ ಪೌಂಡ್ ದಂಡ ಬಿತ್ತು. ಎಲೆಕ್ಟ್ರಿಷಿಯನ್ ಆದವರಿಗೆ ಈ ಎಚ್ಚರಿಕೆ ತುಸು ಹೆಚ್ಚೇ ಬೇಕು. ಪ್ಯಾನೆಲ್ ಒಳಗೆ ಏನಿದೆಯೆಂದು ಅರ್ಧ ತಿಳಿದವರಿಗೆ ಒಂದು ಸೆನ್ಸರನ್ನು ಬೈಪಾಸ್ ಮಾಡಿ ಕ್ಯೂ ಮುಗಿಸಿಬಿಡುವ ಆಸೆ ಬರುವುದುಂಟು. ಆಪರೇಟರ್ ಹುದ್ದೆಯಲ್ಲಿರುವವರೆಗೆ ಆ ಬಾಗಿಲನ್ನು ತೆರೆಯಬೇಡಿ. ಮೆಂಟೆನೆನ್ಸ್ ವಿಭಾಗಕ್ಕೆ ಕರೆ ಮಾಡಿ ಕಾಯಿರಿ.

ಬೆಳಗಿನ ಕ್ರಮವನ್ನು ಪಾರ್ಕಿನವರೇ ಕಲಿಸುತ್ತಾರೆ: ಮೆಂಟೆನೆನ್ಸ್‌ನವರ ತಪಾಸಣೆ, ಅವರ ಸಹಿ, ಖಾಲಿ ಸೀಟುಗಳೊಂದಿಗೆ ಪರೀಕ್ಷಾ ಸುತ್ತು, ನಿಮ್ಮ ಸಹಿ. ಕಣ್ಣಾರೆ ನೋಡದ ಸಾಲಿಗೆ ಸಹಿ ಹಾಕಬೇಡಿ ಎಂಬುದೊಂದೇ ನಾನು ಸೇರಿಸುವ ಮಾತು. ಯಾರದೋ ಮೊಬೈಲ್ ಅಥವಾ ಚಪ್ಪಲಿ ಬಿತ್ತೆಂದು ಬೇಲಿಯೊಳಗೆ ನುಗ್ಗುವುದೂ ಸಲ್ಲ. ರೈಡ್ ನಿಂತು, ಅದನ್ನು ಚಾಲೂ ಮಾಡುವ ಕೀಲಿಯು ಒಳಗೆ ಹೋಗುವವರ ಜೇಬಿನಲ್ಲೇ ಇದ್ದಾಗ ಮಾತ್ರ ಹೋಗಬೇಕು.

ಮನೆಯವರ ಮಾತಿಗೆ ಬೇಸರಿಸಬೇಡಿ. ಒಂದೆರಡು ವರ್ಷ ಪ್ಲಾಟ್‌ಫಾರ್ಮ್ ಮೇಲೆ ನಿಂತು ರೈಡ್‌ಗಳ ಸ್ವಭಾವ ಬಲ್ಲ ಐಟಿಐ ಹುಡುಗರು ಮೆಂಟೆನೆನ್ಸ್ ವಿಭಾಗಕ್ಕೆ ಹೋಗಲು ಅರ್ಜಿ ಹಾಕಬಹುದು; ಆ ದಾರಿ ನಿಮ್ಮ ಪಾರ್ಕಿನಲ್ಲಿದೆಯೇ ಎಂದು ಸೇರುವಾಗಲೇ ವಿಚಾರಿಸಿ.

ಪ್ರಶ್ನೆ: ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನಗಳಾಗಿಲ್ಲ. ಎತ್ತರದ ಅಳತೆಗೆ ಬಾರದ ಮಕ್ಕಳನ್ನು ತಡೆದರೆ ತಂದೆತಾಯಂದಿರು ಜಗಳಕ್ಕೆ ಬರುತ್ತಾರೆ. ‘ಟಿಕೆಟ್ ಕೊಟ್ಟಿದ್ದೇವೆ, ಮಗುವನ್ನು ನಾವೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ’ ಎನ್ನುತ್ತಾರೆ. ಹೆಣ್ಣುಮಗಳೆಂದು ಏರುದನಿಯಲ್ಲಿ ಮಾತನಾಡುವವರೂ ಇದ್ದಾರೆ. ಹೇಗೆ ನಿಭಾಯಿಸಲಿ?
– ಓದುಗರು, ಮೈಸೂರು

ಉತ್ತರ: ಅಳತೆಗೋಲು ಮಗುವಿನ ಧೈರ್ಯವನ್ನು ಅಳೆಯುವುದಿಲ್ಲ, ಅದರ ಮೈ ಲಾಕಿಗೆ ಹೊಂದುತ್ತದೆಯೇ ಎಂಬುದನ್ನು ಅಳೆಯುತ್ತದೆ. ಕಂಬಿಯನ್ನು ರೂಪಿಸುವಾಗ ಇಂತಿಷ್ಟು ಎತ್ತರದವರ ತೊಡೆ, ಸೊಂಟ, ಭುಜ ಎಲ್ಲಿ ಬರುತ್ತವೆಂದು ಲೆಕ್ಕ ಹಾಕಿರುತ್ತಾರೆ. ಅದಕ್ಕಿಂತ ಚಿಕ್ಕ ಮೈ ಕೆಳಗಿನಿಂದ ಜಾರಬಹುದು. ಇನ್ನು ‘ಹಿಡಿದುಕೊಳ್ಳುತ್ತೇವೆ’ ಎಂಬ ಮಾತಿಗೆ ಉತ್ತರ ಭೌತಶಾಸ್ತ್ರದಲ್ಲಿದೆ. ಗುರುತ್ವದ ಮೂರು ಪಟ್ಟು ಬಲ ಬೀಳುವ ತಿರುವಿನಲ್ಲಿ 20 ಕೆ.ಜಿ. ತೂಕದ ಮಗು ತಾಯಿಯ ತೋಳಿಗೆ 60 ಕೆ.ಜಿ.ಯಷ್ಟು ಭಾರವಾಗುತ್ತದೆ, ಮುಂದಿನ ದಿಬ್ಬದಲ್ಲಿ ಅದೇ ಮಗು ಸೀಟಿನಿಂದ ಮೇಲಕ್ಕೆ ಎದ್ದು ಬರುತ್ತದೆ. ಕೈ ಯಾವುದಕ್ಕೆಂದು ಬಿಗಿಹಿಡಿಯಬೇಕು?

ಆದರೆ ಈ ಲೆಕ್ಕವನ್ನು ಕ್ಯೂ ತುದಿಯಲ್ಲಿ, ಅಳುವ ಮಗುವಿನ ಎದುರು ವಿವರಿಸಹೋಗಬೇಡಿ. ಒಂದು ಗಂಟೆ ಕಾದು ಬಂದವರಿಗೆ ಆ ಹೊತ್ತಿನಲ್ಲಿ ಯಾವ ವಿವರಣೆಯೂ ರುಚಿಸದು. ಅಳತೆಗೋಲನ್ನು ಕ್ಯೂ ಶುರುವಾಗುವ ಕಡೆಗೇ ಇಡಿಸಿ, ಅಲ್ಲಿಯೇ ಅಳೆಯುವಂತೆ ಮೇಲ್ವಿಚಾರಕರನ್ನು ಒಪ್ಪಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಉಳಿದವರಿಗೆ, ‘ಕ್ಷಮಿಸಿ ಸರ್, ಈ ಎತ್ತರಕ್ಕೆ ಈ ಲಾಕ್ ಹಿಡಿಯುವುದಿಲ್ಲ, ಮಗುವಿಗೆ ಆಗುವ ರೈಡ್ ಪಕ್ಕದಲ್ಲೇ ಇದೆ’ ಎಂದು ಒಂದೇ ದನಿಯಲ್ಲಿ, ಎಷ್ಟು ಬಾರಿ ಕೇಳಿದರೂ ಅದೇ ಮಾತಿನಲ್ಲಿ ಹೇಳಿ. ಒಬ್ಬರಿಗೆ ಸಡಿಲಿಸಿದರೆ ಹಿಂದೆ ನಿಂತವರೆಲ್ಲ ಅದನ್ನು ನೋಡಿರುತ್ತಾರೆ. ಮಗುವಿನ ಬೂಟು, ತಲೆಯ ಜುಟ್ಟು, ತುದಿಗಾಲು ಇವುಗಳ ಮೇಲೂ ಕಣ್ಣಿರಲಿ. ಇವೆಲ್ಲ ಹಳೆಯ ಉಪಾಯಗಳು. ದನಿ ಏರಿಸುವವರೊಂದಿಗೆ ನೀವು ವಾದಿಸಬೇಕಾಗಿಲ್ಲ. ರೈಡನ್ನು ಬಿಡದೆ, ಮೇಲ್ವಿಚಾರಕರನ್ನು ಕರೆಯಿರಿ.

ದೊಡ್ಡವರಿಗೂ ಮಿತಿಯಿದೆ, ಮತ್ತು ಅವರಿಗೆ ಹೇಳುವುದು ಮಕ್ಕಳನ್ನು ತಡೆಯುವುದಕ್ಕಿಂತ ಮುಜುಗರದ ಕೆಲಸ. ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ 2022ರ ಮಾರ್ಚ್‌ನಲ್ಲಿ, ಎತ್ತರದಿಂದ ಬೀಳಿಸುವ ರೈಡ್ ಒಂದರಲ್ಲಿ ತೂಕದ ಮಿತಿ ಮೀರಿದ್ದ 14 ವರ್ಷದ ಹುಡುಗ ಸೀಟಿನಿಂದ ಜಾರಿ ಬಿದ್ದು ಸತ್ತ. ಆ ಸೀಟಿನ ಸೆನ್ಸರನ್ನು ಕೈಯಿಂದ ಹೊಂದಿಸಿದ್ದರಿಂದ, ಭುಜದ ಪಟ್ಟಿ ಮಾಮೂಲಿಗಿಂತ ಹೆಚ್ಚು ತೆರೆದಿದ್ದರೂ ಲಾಕ್ ಸರಿಯಾಗಿದೆಯೆಂದೇ ದೀಪ ತೋರಿಸುತ್ತಿತ್ತು. ದೀಪ ಉರಿದರೂ ಪಟ್ಟಿ ಮೈಯಿಂದ ದೂರ ನಿಂತಂತೆ ಕಂಡರೆ, ತಗ್ಗಿದ ದನಿಯಲ್ಲಿ, ಪಕ್ಕದವರಿಗೆ ಕೇಳಿಸದಂತೆ ಹೇಳಿ ಇಳಿಸಿ.

ನಮ್ಮ ಉಡುಪುಗಳ ವಿಷಯವನ್ನು ವಿದೇಶಿ ತಯಾರಕರ ಕೈಪಿಡಿಗಳಿಂದ ನಿರೀಕ್ಷಿಸುವಂತಿಲ್ಲ. ಸೆರಗು, ದುಪಟ್ಟಾ, ಉದ್ದ ಜಡೆ, ಮಲ್ಲಿಗೆ ದಂಡೆಯ ಪಿನ್ನು, ಸೊಂಟಕ್ಕೆ ಸಿಕ್ಕಿಸಿದ ಕೀಲಿಗೊಂಚಲು ಎಲ್ಲವನ್ನೂ ನೀವೇ ಗಮನಿಸಬೇಕು. 2020ರಲ್ಲಿ ಹೈದರಾಬಾದಿನ ಗೋ-ಕಾರ್ಟ್ ಕೇಂದ್ರವೊಂದರಲ್ಲಿ ಕೂದಲು ಚಕ್ರಕ್ಕೆ ಸಿಕ್ಕಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಈ ಒಂದು ವಿಷಯದಲ್ಲಿ ಮಹಿಳಾ ಆಪರೇಟರ್ ಇರುವುದು ಪಾರ್ಕಿಗೆ ದೊಡ್ಡ ಅನುಕೂಲ. ಜಡೆಯನ್ನು ಸುತ್ತಿ ಕಟ್ಟಿಕೊಳ್ಳಿ ಎಂದು ನೀವು ಹೇಳಿದರೆ ಹೆಂಗಸರು ಸಂಕೋಚವಿಲ್ಲದೆ ಕೇಳುತ್ತಾರೆ.

ಪ್ರಶ್ನೆ: ನನ್ನ ತಮ್ಮನನ್ನು ಜಾತ್ರೆಗಳಲ್ಲಿ ತೊಟ್ಟಿಲು, ಬ್ರೇಕ್ ಡ್ಯಾನ್ಸ್‌ನಂಥ ರೈಡ್‌ಗಳನ್ನು ಹಾಕುವ ತಂಡದವರು ಕೆಲಸಕ್ಕೆ ಕರೆಯುತ್ತಿದ್ದಾರೆ. ಪಾರ್ಕಿನ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ?
– ಓದುಗರು, ಶಿರಸಿ

ಉತ್ತರ: ದೊಡ್ಡ ವ್ಯತ್ಯಾಸವೆಂದರೆ, ಪಾರ್ಕಿನಲ್ಲಿ ರೈಡ್ ನಿಂತಲ್ಲೇ ಇರುತ್ತದೆ, ಜಾತ್ರೆಯಲ್ಲಿ ಅದನ್ನು ಊರಿಂದ ಊರಿಗೆ ಬಿಚ್ಚಿ, ಲಾರಿಗೆ ಹೇರಿ, ಮತ್ತೆ ಜೋಡಿಸಬೇಕು. ಅಪಾಯದ ದೊಡ್ಡ ಪಾಲು ಈ ಜೋಡಣೆಯಲ್ಲಿದೆ. ಶಿರಸಿ ಮಾರಿಕಾಂಬಾ ಜಾತ್ರೆಗೂ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೂ ಬರುವ ರೈಡ್‌ಗಳ ಕೆಳಗಿನ ನೆಲ ಒಂದೇ ರೀತಿ ಇರುವುದಿಲ್ಲ. ರಾತ್ರಿ ಮಳೆ ಬಂದರೆ ಕೆಳಗಿಟ್ಟ ಹಲಗೆ ಕುಸಿದು ಕಂಬ ಓರೆಯಾಗಬಹುದು. ಪಿನ್ ಹಾಕಿದ ಮೇಲೆ ಅದು ಜಾರದಂತೆ ಚುಚ್ಚುವ ಸಣ್ಣ ತಂತಿಯ ಕೊಂಡಿ ಒಂದು ಮರೆತುಹೋದರೂ ಸಾಕು. 2022ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಮೊಹಾಲಿಯ ಮೇಳವೊಂದರಲ್ಲಿ ಗೋಪುರದಂಥ ರೈಡ್ ಜನರ ಸಮೇತ ಮೇಲಿಂದ ನೆಲಕ್ಕೆ ಬಿದ್ದು ಹಲವರು ಗಾಯಗೊಂಡದ್ದು ನೆನಪಿರಬಹುದು.

ನಿಮ್ಮ ತಮ್ಮ ಒಪ್ಪುವ ಮೊದಲು ಆ ತಂಡದ ಒಂದು ಜೋಡಣೆಯನ್ನು ಹೋಗಿ ನೋಡಲಿ. ಜೋಡಿಸಿದ ಮೇಲೆ ಎಂಜಿನಿಯರ್ ಯಾರಾದರೂ ಪರಿಶೀಲಿಸುತ್ತಾರೆಯೇ, ಸ್ಥಳೀಯ ಆಡಳಿತದ ಅನುಮತಿ ಪತ್ರ ಇದೆಯೇ, ವಿಮೆ ಇದೆಯೇ, ಕಾರ್ಮಿಕರು ಎತ್ತರಕ್ಕೆ ಹತ್ತುವಾಗ ಬೆಲ್ಟ್ ಕಟ್ಟಿಕೊಳ್ಳುತ್ತಾರೆಯೇ ಎಂಬುದನ್ನು ಅರ್ಧ ದಿನದಲ್ಲಿ ತಿಳಿಯಬಹುದು. ತೊಟ್ಟಿಲಿಗೆ ಜನರನ್ನು ಹತ್ತಿಸುವ ರೀತಿಯನ್ನೂ ನೋಡಲಿ. ಅನುಭವವುಳ್ಳವರು ಒಂದೇ ಮಗ್ಗುಲಿಗೆ ಭಾರ ಬೀಳದಂತೆ ಎದುರುಬದುರಿನ ತೊಟ್ಟಿಲುಗಳನ್ನು ತುಂಬುತ್ತಾರೆ; ಬಂದವರನ್ನು ಬಂದಂತೆ ಕೂರಿಸುವ ತಂಡವಾದರೆ ಬೇಡವೆನ್ನುವುದೇ ಲೇಸು.

ಪ್ರಶ್ನೆ: ಪಾರ್ಕ್ ಕೆಲಸವನ್ನು ಗುತ್ತಿಗೆದಾರರ ಮೂಲಕ ಕೊಡುತ್ತಾರಂತೆ. ಸೇರುವಾಗ ಏನು ಕೇಳಿ ಪಡೆಯಬೇಕು?
– ಓದುಗ, ರಾಮನಗರ

ಉತ್ತರ: ನೇಮಕಾತಿ ಪತ್ರವನ್ನು ಮೊದಲು ಕೇಳಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದನ್ನು ಕೊಡುವುದು ಮಾಲೀಕರ ಹೊಣೆಯೆಂದು ಹೇಳುತ್ತವೆ. ಮಾಸಿಕ ವೇತನ 21,000 ರೂಪಾಯಿ ಮೀರದವರಿಗೆ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಸೌಲಭ್ಯವಿದೆ. ನಿಮ್ಮ ಸಂಬಳದಿಂದ ಹಿಡಿಯುವುದು ಶೇ 0.75, ಮಾಲೀಕರು ಸೇರಿಸುವುದು ಶೇ 3.25. ಹಿಡಿದ ಹಣ ಕಟ್ಟುತ್ತಿದ್ದಾರೆಯೇ ಎಂಬುದನ್ನು ನಿಮ್ಮ ವಿಮಾ ಸಂಖ್ಯೆಯಿಂದ ನೀವೇ ನೋಡಬಹುದು. ಪಿಎಫ್‌ಗೆ ಯುಎಎನ್ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಯಾವ ಯಾವ ರೈಡ್‌ಗೆ ನಿಮಗೆ ತರಬೇತಿ ಆಗಿದೆಯೆಂಬ ದಾಖಲೆಯ ಒಂದು ಪ್ರತಿ ನಿಮ್ಮಲ್ಲಿರಲಿ. ತರಬೇತಿ ಇಲ್ಲದ ರೈಡ್‌ಗೆ ‘ಇವತ್ತೊಂದು ದಿನ ನಿಂತುಕೋ’ ಎಂದು ಕಳುಹಿಸಿದರೆ ಅದನ್ನು ತೋರಿಸಿ ನಿರಾಕರಿಸಬಹುದು. ಉಳಿದಂತೆ, ದಿನವಿಡೀ ನಿಲ್ಲುವ ಕೆಲಸವಾದ್ದರಿಂದ ಮೊದಲ ಸಂಬಳಕ್ಕೆ ಕಾಯದೆ ಒಳ್ಳೆಯ ಬೂಟು ಕೊಂಡುಕೊಳ್ಳಿ.