ಹಗಲು ನಿದ್ದೆಗೆ ಮೊಡಾಫಿನಿಲ್ ಸಾಲದಿದ್ದರೆ ಆಂಫೆಟಮಿನ್ ಬೇಕೇ?

ಪ್ರಶ್ನೆ: ನನಗೆ 27 ವರ್ಷ, ವಿವಾಹಿತೆ. ನಿದ್ರಾ ಪರೀಕ್ಷೆಯಲ್ಲಿ ನಾರ್ಕೊಲೆಪ್ಸಿ (ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ಕಾಯಿಲೆ) ಖಚಿತವಾದ ಮೇಲೆ ಬೆಳಿಗ್ಗೆ, ಎಚ್ಚರವಾಗಿರಿಸುವ ಔಷಧವಾದ ಮೊಡಾಫಿನಿಲ್ 200 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಆದರೂ ಮಧ್ಯಾಹ್ನ ಮೂರರ ಮೇಲೆ ತೂಕಡಿಕೆ ತಡೆಯಲಾಗುವುದಿಲ್ಲ. ಇದೇ ಕಾಯಿಲೆಯಿರುವ, ಅಮೆರಿಕದಲ್ಲಿ ನೆಲೆಸಿರುವ ಅಕ್ಕ ಆಡೆರಾಲ್ ತೆಗೆದುಕೊಳ್ಳುತ್ತಾಳೆ. ಅದು ಹೆಚ್ಚು ಪ್ರಬಲ, ಊರಿಗೆ ಬರುವಾಗ ತರುತ್ತೇನೆ ಎನ್ನುತ್ತಾಳೆ. ಬದಲಾಯಿಸಬಹುದೇ? ಗರ್ಭನಿರೋಧಕ ಮಾತ್ರೆಯನ್ನೂ ಸೇವಿಸುತ್ತಿದ್ದೇನೆ.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವ ವಿಷಯವಲ್ಲ. ಹಾರ್ಮೋನುಗಳನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಮೊಡಾಫಿನಿಲ್ ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಮಾತ್ರೆಯ ಪರಿಣಾಮ ತಗ್ಗುತ್ತದೆ. ಅದರದೇ ಹತ್ತಿರದ ರೂಪವಾದ ಆರ್ಮೊಡಾಫಿನಿಲ್‌ಗೂ ಇದೇ ಮಾತು ಅನ್ವಯಿಸುತ್ತದೆ. ಮಾತ್ರೆ ತಪ್ಪದೆ ನುಂಗುತ್ತಿದ್ದರೂ ಗರ್ಭ ನಿಲ್ಲಬಹುದು. ಗರ್ಭಾವಸ್ಥೆಯಲ್ಲಿ ಈ ಔಷಧ ಶಿಶುವಿನ ಅಂಗರಚನೆಗೆ ಧಕ್ಕೆ ತರಬಹುದೆಂಬ ಆತಂಕವಿರುವುದರಿಂದ ಯುರೋಪಿನ ಔಷಧ ನಿಯಂತ್ರಕರು ಆ ಅವಧಿಯಲ್ಲಿ ಬಳಸಬಾರದೆಂದಿದ್ದಾರೆ. ಕಾಪರ್-ಟಿ ಅಥವಾ ಕಾಂಡೋಮ್‌ನಂತಹ ಹಾರ್ಮೋನುರಹಿತ ವಿಧಾನವನ್ನು ಈಗಿನಿಂದಲೇ ಅನುಸರಿಸಿ. ಔಷಧ ನಿಲ್ಲಿಸಿದರೂ ಇನ್ನೊಂದು ತಿಂಗಳು ಆ ವಿಧಾನವನ್ನು ಮುಂದುವರಿಸಬೇಕು. ಔಷಧ ಬರೆದುಕೊಡುವಾಗಲೇ ಹೇಳಬೇಕಾದ ಈ ಮಾತು ಎಷ್ಟೋ ಬಾರಿ ಬಿಟ್ಟುಹೋಗುತ್ತದೆ ಎಂಬುದು ನನ್ನ ನಿಜವಾದ ಕಳವಳ.

ಇನ್ನು ಆಡೆರಾಲ್. ಅದು ಆಂಫೆಟಮಿನ್ ಎಂಬ ಉತ್ತೇಜಕ ಔಷಧದ ಲವಣಗಳ ಮಿಶ್ರಣ. ನರಕೋಶಗಳಿಂದ ಎಚ್ಚರ ಹೆಚ್ಚಿಸುವ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹೊರಸೂಸುವಂತೆ ಮಾಡುತ್ತದೆ. ಇಂಥದೇ ಇನ್ನೊಂದು ಉತ್ತೇಜಕವಾದ ಮೀಥೈಲ್‌ಫೆನಿಡೇಟ್ ಅವು ಮರಳಿ ಹೀರಲ್ಪಡುವುದನ್ನು ತಡೆಯುತ್ತದೆ. ಮೊಡಾಫಿನಿಲ್ ಡೋಪಮಿನ್ ಮೇಲೆ ಇವುಗಳಿಗಿಂತ ಮೃದುವಾಗಿ ಕೆಲಸ ಮಾಡುವುದರಿಂದ ಚಟವಾಗುವ ಸಂಭವ ಕಡಿಮೆ. ಆದ್ದರಿಂದಲೇ ನಾರ್ಕೊಲೆಪ್ಸಿಗೆ ಸಾಮಾನ್ಯವಾಗಿ ಮೊದಲು ಅದನ್ನೇ ಕೊಡುತ್ತಾರೆ. ಉಳಿದೆರಡೂ ಪ್ರಬಲವೆಂಬುದು ನಿಜವೇ, ಆದರೆ ಆ ಪ್ರಾಬಲ್ಯದ ಜೊತೆಗೆ ನಾಡಿಬಡಿತ, ರಕ್ತದೊತ್ತಡ ಏರುತ್ತವೆ, ಹಸಿವು ಇಂಗುತ್ತದೆ, ಪರಿಣಾಮ ಇಳಿಯುವಾಗ ಮನಸ್ಸು ಕುಗ್ಗಬಹುದು. ಮೊಡಾಫಿನಿಲ್‌ಗೂ ತಲೆನೋವು, ಕಳವಳದಂತಹ ತೊಂದರೆಗಳುಂಟು. ಮೈಮೇಲೆ ದದ್ದು ಅಥವಾ ಬಾಯಲ್ಲಿ ಹುಣ್ಣು ಕಂಡರೆ ಅದನ್ನು ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಅಕ್ಕನ ಮಾತ್ರೆಯನ್ನು ಖಂಡಿತ ತರಿಸಿಕೊಳ್ಳಬೇಡಿ. ಅವರ ಹೃದಯ, ರಕ್ತದೊತ್ತಡ ನೋಡಿ ನಿರ್ಧರಿಸಿದ ಪ್ರಮಾಣ ನಿಮ್ಮದಲ್ಲ. ಮೇಲಾಗಿ ಆಂಫೆಟಮಿನ್ 1985ರ ಮಾದಕ ದ್ರವ್ಯ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ನಿಮಗಾಗಿ ತಂದವರೂ ಇಟ್ಟುಕೊಂಡವರೂ ಸಿಕ್ಕಿಬೀಳುತ್ತಾರೆ. ಮೀಥೈಲ್‌ಫೆನಿಡೇಟ್ ನಮ್ಮಲ್ಲೂ ಸಿಗುತ್ತದೆ, ಅಗತ್ಯವೆನಿಸಿದರೆ ತಜ್ಞರೇ ಬರೆದುಕೊಡುತ್ತಾರೆ.

ಅದಕ್ಕೂ ಮೊದಲು ಮಾಡಬಹುದಾದದ್ದಿದೆ. ಮೊಡಾಫಿನಿಲ್ ಪ್ರಮಾಣವನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನಕ್ಕೆ ಹಂಚಿ ಕೊಡುವ ಕ್ರಮವೊಂದಿದೆ. ಊಟದ ನಂತರ ನಿಗದಿತ ಹೊತ್ತಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮಲಗುವುದರಿಂದಲೂ ಸಂಜೆಯ ಮಂಪರು ಎಷ್ಟೋ ಕಡಿಮೆಯಾಗುತ್ತದೆ. ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುವುದೋ ದವಡೆ ಸಡಿಲವಾಗುವುದೋ ನಿಮಗಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಮೊಡಾಫಿನಿಲ್ ಅದಕ್ಕೆ ಉಪಯೋಗಕ್ಕೆ ಬಾರದು, ಬೇರೆ ಔಷಧ ಬೇಕು. ತೂಕಡಿಕೆ ಬಂದ ಹೊತ್ತನ್ನು ಎರಡು ವಾರ ಬರೆದಿಟ್ಟು ನಿಮ್ಮ ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಮಧ್ಯಾಹ್ನದ ಮೇಲೆ ಸ್ಕೂಟರ್ ಓಡಿಸಬೇಡಿ.