ಹಿತ್ತಿಲಲ್ಲಿ ನೀರು ನಿಲ್ಲುತ್ತದೆ, ಇಂಗುಗುಂಡಿ ತೋಡಲಾ?

ಪ್ರಶ್ನೆ: ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರದ ಕಡೆ 40x60 ಸೈಟಿನ ಹಳೇ ಮನೆ. ಹಿತ್ತಿಲು 18 ಅಡಿ ಉದ್ದ, 20 ಅಡಿ ಅಗಲ. ಜೋರು ಮಳೆ ಬಂದರೆ ಎರಡು ದಿನ ನೀರು ನಿಂತೇ ಇರುತ್ತದೆ, ಟೆರೇಸಿನ ಒಂದು ಪೈಪೂ ಅಲ್ಲಿಗೇ ಬೀಳುತ್ತದೆ. ಕರಿಬೇವಿನ ಗಿಡ ಹಳದಿಯಾಗಿದೆ. ಮನೆಯವರು ಪೂರ್ತಿ ಸಿಮೆಂಟ್ ಹಾಕಿಸಿಬಿಡೋಣ ಅಂತಾರೆ, ಮೇಸ್ತ್ರಿ ರಿಂಗ್ ಇಳಿಸಿ ಬಾವಿನೇ ಮಾಡಬೇಕು ಅಂತಾರೆ. ಕಡಿಮೆ ಖರ್ಚಿನಲ್ಲಿ ನಾವೇ ಇಂಗುಗುಂಡಿ ಮಾಡಿಕೊಳ್ಳಬಹುದಾ?
- ಒಬ್ಬ ಓದುಗರು

ಉತ್ತರ: ಮಾಡಿಕೊಳ್ಳಬಹುದು. ಆದರೆ ಗುದ್ದಲಿ ಹಿಡಿಯುವ ಮೊದಲು ಆ ಟೆರೇಸ್ ಪೈಪಿನ ವಿಷಯ ಇತ್ಯರ್ಥ ಮಾಡೋಣ. ನೀವು ಅದನ್ನು ಮಾತಿನ ನಡುವೆ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಅದೇ ಕಳ್ಳ ಅನ್ನಿಸುತ್ತಿದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಸಂಜೆ 50 ಮಿ.ಮೀ. ಹೊಡೆಯಿತು ಅಂದುಕೊಳ್ಳಿ. ನಿಮ್ಮ ಹಿತ್ತಿಲಿನ 360 ಚದರಡಿಗೆ ಬೀಳುವುದು ಸುಮಾರು 1,650 ಲೀಟರ್, ಅದರಲ್ಲಿ ಒಂದಷ್ಟನ್ನು ಮಣ್ಣೇ ಕುಡಿಯುತ್ತದೆ. ಆ ಪೈಪು ಟೆರೇಸಿನ 600 ಚದರಡಿ ನೀರು ತರುತ್ತಿದ್ದರೆ ಅದೊಂದೇ 2,800 ಲೀಟರ್! ಹಿತ್ತಿಲು ಏನು ಮಾಡೀತು, ಪಾಪ. ಆ ಪೈಪನ್ನು ಫಿಲ್ಟರ್ ಹಾಕಿ ಸಂಪಿಗೆ ತಿರುಗಿಸಿ, ಆಗದಿದ್ದರೆ ಡ್ರಮ್ಮಿಗಾದರೂ ಬಿಡಿ. ಮೊದಲ ಮಳೆಯ ಕೊಳೆ ನೀರು ಮಾತ್ರ ಹೊರಗೆ ಹೋಗಲಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸಮಸ್ಯೆ ಅರ್ಧ ಮುಗಿಯುತ್ತದೆ.

ಇನ್ನು ಮಣ್ಣು. ಹಾರೆ ಹಾಕಿ ಒಂದು ಕಡೆ ಒಂದೂವರೆ ಅಡಿ ಅಗೆದು ನೋಡಿ. ನಮ್ಮ ಊರಿನ ಮನೆಗಳ ಹಿತ್ತಿಲಲ್ಲಿ ಒಂದು ವಿಚಿತ್ರ ಸಿಗುತ್ತದೆ: ಮೇಲೆ ಅರ್ಧ ಅಡಿ ಚಂದದ ಕೆಮ್ಮಣ್ಣು, ಅದರ ಕೆಳಗೆ ಹಾರೆ ಟಣ್ ಅನ್ನುವ ಬಿಳಿ ಪದರ. ಮನೆ ಕಟ್ಟುವಾಗ ಅಲ್ಲೇ ಕಾಂಕ್ರೀಟ್ ಕಲಸಿ, ಅಲ್ಲೇ ಬಾಂಡ್ಲಿ ತೊಳೆದು, ಉಳಿದ ಸಿಮೆಂಟ್ ಅಲ್ಲೇ ಸುರಿದು, ಗೃಹಪ್ರವೇಶದ ಹಿಂದಿನ ದಿನ ಒಂದು ಲೋಡ್ ಮಣ್ಣು ಹರಡಿ ಹೋಗಿರುತ್ತಾರೆ. ಅದು ಸಿಕ್ಕಿದರೆ ಗುಂಡಿಯೇ ಬೇಡ, ಆ ಪದರ ಒಡೆದು ತೆಗೆಸಿ.

ಅಂಥದ್ದೇನೂ ಇಲ್ಲವಾ? ಹಾಗಾದರೆ ಎರಡು ಮೂರು ಅಡಿ ಇಳಿದು, ತಳದಲ್ಲಿ ಇನ್ನೊಂದು ಅಡಿಯ ಸಣ್ಣ ಕುಳಿ ತೆಗೆದು ನೀರು ತುಂಬಿ. ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲದ್ದೇ ನಿಜವಾದ ಪರೀಕ್ಷೆ, ಮೊದಲನೇ ಸಲ ಒಣ ಮಣ್ಣು ಸುಮ್ನೆ ಹೀರಿಕೊಳ್ಳುತ್ತದೆ. ಒಂದೆರಡು ಗಂಟೆಯಲ್ಲಿ ಖಾಲಿಯಾದರೆ ಧೈರ್ಯವಾಗಿ ಮುಂದುವರಿಯಿರಿ. ಮಾರನೇ ದಿನ ಬೆಳಗ್ಗೆಯೂ ನೀರು ಹಾಗೇ ಇದ್ದರೆ ಕೆಳಗೆ ಜೇಡಿಮಣ್ಣಿದೆ, ಅಲ್ಲಿ ಸಣ್ಣ ಗುಂಡಿ ದುಡ್ಡು ದಂಡ. ಆಗ ನಿಮ್ಮ ಮೇಸ್ತ್ರಿ ಹೇಳಿದ ರಿಂಗ್ ಬಾವಿಯೇ ಸರಿ, ಜೇಡಿ ದಾಟಿ ಗರಸು ಸಿಗುವವರೆಗೆ ಇಳಿಯಬೇಕು. ಆ ಕೆಲಸ ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರಿಗೆ ಬಿಡಿ, ಅವರಷ್ಟು ಮಣ್ಣು ಗೊತ್ತಿರುವವರು ಈ ಊರಲ್ಲಿ ಇಲ್ಲ. ಕೆರೆ ಅಂಗಳದಲ್ಲಿ ಎದ್ದ ಬಡಾವಣೆಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ನಾಲ್ಕೈದು ಅಡಿಗೇ ನೀರು ಒಸರಿದರೆ ಗುಂಡಿ ತೋಡಿ ಪ್ರಯೋಜನವಿಲ್ಲ, ಅದು ನೀರು ಕುಡಿಯುವುದಿಲ್ಲ, ಕೊಡುತ್ತದೆ.

ಗುಂಡಿ 3 ಅಡಿ ಉದ್ದ, 3 ಅಡಿ ಅಗಲ, 4 ಅಡಿ ಆಳ ಸಾಕು. ಮನೆ ಪಾಯದಿಂದ 10 ಅಡಿ ದೂರ ಇರಲಿ, ಕಾಂಪೌಂಡಿನ ಬುಡಕ್ಕೂ ತಾಗಬಾರದು. ನಿಮ್ಮ 18 ಅಡಿಯಲ್ಲಿ ಎರಡಕ್ಕೂ ಜಾಗ ಇದೆ. ಸಂಪಿನ ಪಕ್ಕ ಬೇಡ, ತೆಂಗಿನ ಮರದ ಹತ್ತಿರವೂ ಬೇಡ, ಬೇರು ಒಳಗೆ ಬರುತ್ತದೆ. ತಳದ ಒಂದಡಿಗೆ ದಪ್ಪ ಕಲ್ಲು ಅಥವಾ ಚೆನ್ನಾಗಿ ಬೆಂದ ಇಟ್ಟಿಗೆ ಚೂರು, ಅದರ ಮೇಲೆ 40 ಎಂಎಂ ಜಲ್ಲಿ. ಪಕ್ಕದ ರಸ್ತೆಯಲ್ಲಿ ಮನೆ ಒಡೆಯುತ್ತಿದ್ದರೆ ಇಟ್ಟಿಗೆ ಚೂರು ಪುಕ್ಕಟೆ ಸಿಗುತ್ತದೆ, ಜರಡಿ ಹಿಡಿದು ಗಾರೆ ಪುಡಿ ಅಲ್ಲೇ ಬಿಟ್ಟು ತನ್ನಿ. ಮೇಲಿನ ಅರ್ಧ ಅಡಿ ಬಿಟ್ಟು, ಅಲ್ಲಿ ಹಸಿರು ಶೇಡ್ ನೆಟ್ ಎರಡು ಮಡಿಕೆ ಹಾಸಿ, ಅದರ ಮೇಲೆ ಮತ್ತೆ ಜಲ್ಲಿ. ಪೈಪು ಗೀಪು ಬೇಡ, ಹಿತ್ತಿಲಿನ ಇಳಿಜಾರನ್ನು ಗುದ್ದಲಿಯಲ್ಲೇ ಅತ್ತ ತಿರುಗಿಸಿ.

ಆ ನೆಟ್ ಮಾತ್ರ ಮರೆಯಬೇಡಿ. ನಾನು ಮೊದಲ ಗುಂಡಿ ಮಾಡಿದಾಗ ನೆಟ್ ಯಾಕೆ ಅಂತ ಉಡಾಫೆ ಮಾಡಿದ್ದೆ. ಎರಡನೇ ಮಳೆಗಾಲಕ್ಕೆ ಕೆಸರು ಕೂತು ಗುಂಡಿ ಪಾಯಸದ ಪಾತ್ರೆಯಂತಾಯಿತು. ಜಲ್ಲಿಯನ್ನೆಲ್ಲ ಬಾಂಡ್ಲಿ ಬಾಂಡ್ಲಿಯಾಗಿ ಮೇಲೆತ್ತಿ, ಪೈಪ್ ಹಿಡಿದು ತೊಳೆದೆ. ನೀರು ಇಂಗಿಸಲು ಹೊರಟವನು ಅರ್ಧ ಸಂಪು ಕಾವೇರಿ ನೀರು ಮೋರಿಗೆ ಬಿಟ್ಟೆ. ಈಗ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಮೇಲಿನ ಅರ್ಧ ಅಡಿ ಜಲ್ಲಿ ತೆಗೆದು, ನೆಟ್ ಕೊಡವಿ ವಾಪಸ್ ಹಾಸುತ್ತೇನೆ, ಅರ್ಧ ದಿನದ ಕೆಲಸ.

ಇಷ್ಟು ದೊಡ್ಡ ಗುಂಡಿಯ ಅಳತೆ 1,000 ಲೀಟರ್ ಇದ್ದರೂ ಕಲ್ಲು ತುಂಬಿದ ಮೇಲೆ ನೀರಿಗೆ ಉಳಿಯುವ ಜಾಗ ಮೂರನೇ ಒಂದು ಭಾಗ ಅಷ್ಟೇ. ಮಳೆ ಬೀಳುತ್ತಿರುವಾಗಲೇ ಇಂಗುತ್ತಲೂ ಇರುತ್ತದೆ, ಹಾಗಾಗಿ ಹಿತ್ತಿಲ ನೀರಿಗೆ ಸಾಕಾಗುತ್ತದೆ, ಟೆರೇಸ್ ನೀರಿಗಲ್ಲ. ಕಣ್ಣಾರೆ ನೋಡಬೇಕು ಅಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಮನೆಯವರನ್ನೂ ಕರೆದುಕೊಂಡು ಹೋಗಿ. ಸಿಮೆಂಟ್ ಹಾಕಿಸಿದರೆ ನೀರು ಮಾಯವಾಗುವುದಿಲ್ಲ, ಪಕ್ಕದ ಮನೆಗೋ ನಿಮ್ಮ ಪಾಯಕ್ಕೋ ಹೋಗುತ್ತದೆ. ಕರಿಬೇವಿಗೆ ಈಗ ಗೊಬ್ಬರ ಹಾಕಬೇಡಿ, ಬೇರಿಗೆ ಉಸಿರು ಕಟ್ಟಿದೆ, ನೀರು ಇಳಿದ ಮೇಲೆ ನೋಡೋಣ.

ಪ್ರಶ್ನೆ: ವಾಷಿಂಗ್ ಮೆಷಿನ್ ನೀರನ್ನೂ ಇಂಗುಗುಂಡಿಗೇ ಬಿಡಬಹುದಾ?

ಉತ್ತರ: ಬೇಡ. ಸೋಪಿನ ಲೋಳೆ, ಬಟ್ಟೆಯ ನೂಲು ಜಲ್ಲಿಯ ಸಂದಿಯಲ್ಲಿ ಕೂರುತ್ತದೆ. ಜೊತೆಗೆ ಆ ನೀರು ಇಳಿಯುವುದು ನಿಮ್ಮದೋ ಪಕ್ಕದವರದೋ ಬೋರ್‌ವೆಲ್ ಕಡೆಗೇ ಅಲ್ವಾ?

ಪ್ರಶ್ನೆ: ಗುಂಡಿಯಿಂದ ಸೊಳ್ಳೆ ಜಾಸ್ತಿ ಆಗುವುದಿಲ್ಲವೇ?

ಉತ್ತರ: ಮೊಟ್ಟೆಯಿಂದ ಸೊಳ್ಳೆ ಹಾರಲು ಸುಮಾರು ಒಂದು ವಾರ ಬೇಕು. ಗುಂಡಿ ಒಂದೆರಡು ದಿನದಲ್ಲಿ ಖಾಲಿಯಾಗುತ್ತಿದ್ದರೆ ಭಯವಿಲ್ಲ, ಮೇಲೆ ಜಲ್ಲಿ ಇರುವುದರಿಂದ ನೀರು ಕಾಣುವುದೂ ಇಲ್ಲ. ನೀವು ಹೂಕುಂಡದ ಕೆಳಗಿನ ತಟ್ಟೆ, ಸಂಪಿನ ಬಿರುಕು ಬಿಟ್ಟ ಮುಚ್ಚಳ ನೋಡಿ.